ಅಕ್ಕಸಾಲೆಯ ಬೆಸುಗೆ

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಂಥ ಊರಿನಲ್ಲಿ ತರುಣನೊಬ್ಬನು ಸಣ್ಣದೊಂದು ಅಕ್ಕಸಾಲೆಯನ್ನು ತೆರೆಯಬೇಕೆಂದಿರುವನೆಂದು ಭಾವಿಸೋಣ. ಮೂಸೆ, ಊದುಗೊಳವೆ, ಅಡಿಗಲ್ಲು, ಸುತ್ತಿಗೆ, ಚಿಮುಟ, ಅರ, ತಂತಿಯೆಳೆಯುವ ಕಂಬಚ್ಚು, ತಕ್ಕಡಿ, ಒರೆಗಲ್ಲು ಇವಿಷ್ಟೂ ಅವನಿಗೆ ಬೇಕು. ಇವುಗಳನ್ನು ಹೊಂದಿಸಿಕೊಳ್ಳುವುದು ಅಸಾಧ್ಯವೇನಲ್ಲ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಕಸುಬುಗಳಲ್ಲಿ ಅಕ್ಕಸಾಲಿಗರ ಕಸುಬನ್ನೂ ಸೇರಿಸಿ, ಉಪಕರಣಗಳಿಗೆ 15,000 ರೂಪಾಯಿಗಳ ನೆರವನ್ನೂ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿಗಳವರೆಗಿನ ಸಾಲವನ್ನೂ ಗೊತ್ತುಪಡಿಸಿತು. ಆದರೆ ಕೈವಿದ್ಯೆಯನ್ನು ಹಣ ಕೊಟ್ಟು ಕೊಳ್ಳುವಂತಿಲ್ಲ. ಗುರುವಿನ ಬಳಿ ವರ್ಷಗಟ್ಟಲೆ ಕುಳಿತು ಕಲಿಯಬೇಕು. ಅದರಲ್ಲಿಯೂ ಸೂಕ್ಷ್ಮವಾದುದು ಬೆಸುಗೆ. ಅದರ ಹಿಂದಿರುವ ವಿಜ್ಞಾನವನ್ನು ಇಲ್ಲಿ ವಿಚಾರಿಸೋಣ.

ಅಪ್ಪಟ ಚಿನ್ನವು ಬಹಳ ಮೃದುವಾದ ಲೋಹ. ಅದರ ಪರಮಾಣುಗಳು ಪದರಪದರವಾಗಿ ಜೋಡಣೆಗೊಂಡಿವೆ; ಬಲಪ್ರಯೋಗವಾದಾಗ ಈ ಪದರಗಳು ಸುಲಭವಾಗಿ ಜಾರುತ್ತವೆ. ಗಾತ್ರದಲ್ಲಿ ಚಿಕ್ಕದಾದ ತಾಮ್ರದ ಪರಮಾಣುಗಳು ನಡುನಡುವೆ ಸೇರಿದರೆ ಪದರಗಳು ಡೊಂಕಾಗಿ, ಜಾರುವುದಕ್ಕೆ ತಡೆಯುಂಟಾಗುತ್ತದೆ. ಆದುದರಿಂದಲೇ ಆಭರಣಗಳಿಗೆ 22 ಕ್ಯಾರೆಟ್ ಚಿನ್ನ, ಎಂದರೆ 24 ಪಾಲಿನಲ್ಲಿ 22 ಪಾಲು ಚಿನ್ನವಿರುವ ಮಿಶ್ರಲೋಹ, ಬಳಕೆಗೆ ಬಂದಿದೆ.

ಮಿಶ್ರಣದಿಂದ ಇನ್ನೊಂದು ಪರಿಣಾಮವೂ ಉಂಟು. ಚಿನ್ನವು 1064 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ತಾಮ್ರವು 1085 ಡಿಗ್ರಿಯಲ್ಲಿಯೂ ಕರಗುತ್ತವೆ. ಆದರೆ 80 ಪಾಲು ಚಿನ್ನಕ್ಕೆ 20 ಪಾಲು ತಾಮ್ರ ಬೆರೆತರೆ, ಆ ಮಿಶ್ರಲೋಹವು ಸುಮಾರು 910 ಡಿಗ್ರಿಯಲ್ಲಿಯೇ ಕರಗುತ್ತದೆ! ಬೆಸುಗೆಯ ತತ್ತ್ವವು ಇದರಲ್ಲಿಯೇ ಅಡಗಿದೆ. ಸರದ ಕೊಂಡಿಗಳು ಕರಗದೆ, ಸಂದಿನಲ್ಲಿಟ್ಟ ಬೆಸುಗೆಯ ಚೂರು ಮಾತ್ರ ಕರಗಬೇಕು. ಜೊತೆಗೆ ಹಚ್ಚುವ ಬಿಳಿಗಾರವು ಲೋಹದ ಮೇಲಿನ ಆಕ್ಸೈಡನ್ನು ಕರಗಿಸಿ ಮೈಯನ್ನು ಶುಚಿಗೊಳಿಸುತ್ತದೆ. ಆಗ ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ, ಸಂದು ದ್ರವಲೋಹವನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ.

ತೊಡಕು ಇರುವುದು ಇಲ್ಲಿಯೇ. ಬೇಗ ಕರಗಲೆಂದು ಬೆಸುಗೆಯಲ್ಲಿ ಚಿನ್ನದ ಪಾಲನ್ನು ತಗ್ಗಿಸಿದರೆ ಒಡವೆಯ ಶುದ್ಧತೆಯೂ ತಗ್ಗುತ್ತದೆ. 20 ಗ್ರಾಂ ತೂಕದ ಸರದಲ್ಲಿ 19 ಗ್ರಾಂ 22 ಕ್ಯಾರೆಟ್ಟಿನದೂ 1 ಗ್ರಾಂ 14 ಕ್ಯಾರೆಟ್ಟಿನ ಬೆಸುಗೆಯೂ ಇದ್ದರೆ, ಇಡೀ ಸರವು 21.6 ಕ್ಯಾರೆಟ್ ಆಗುತ್ತದೆ. ಕೊಂಡವರಿಗೆ ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಅಪ್ಪಟ ಚಿನ್ನ ನಷ್ಟ.

ಇದಕ್ಕೆ ಪರಿಹಾರವಾಗಿ ಬಂದುದು ಕ್ಯಾಡ್ಮಿಯಂ. ಪೇಟೆಯಲ್ಲಿ ‘ಕೆ.ಡಿ.ಎಂ. ಚಿನ್ನ’ ಎಂಬ ಮಾತು ಹುಟ್ಟಿದ್ದು ಹೀಗೆ. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಬೆರೆತ ಬೆಸುಗೆಯು ಸುಲಭವಾಗಿ ಕರಗುತ್ತದೆ. ಒಡವೆಯ ಶುದ್ಧತೆಯನ್ನೂ ಕೆಡಿಸುವುದಿಲ್ಲ. ಆದರೆ ಈ ಲಾಭಕ್ಕೆ ಬೆಲೆ ತೆರುವವರು ಬೇರೆ. ಕ್ಯಾಡ್ಮಿಯಂ 321 ಡಿಗ್ರಿಯಲ್ಲಿ ಕರಗಿ, 767 ಡಿಗ್ರಿಯಲ್ಲಿಯೇ ಕುದಿಯುವ ಲೋಹ. ಬೆಸುಗೆಯ ಜ್ವಾಲೆಯಲ್ಲಿ ಅದರ ಒಂದಂಶ ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ ಅತಿಸೂಕ್ಷ್ಮವಾದ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದರೆ ಶ್ವಾಸಕೋಶಗಳಿಗೆ ಹಾನಿ. ದೇಹವನ್ನು ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ಉಳಿದು ಅವುಗಳನ್ನು ಕೆಡಿಸುತ್ತದೆ. 1993ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇದನ್ನು ಮಾನವರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮೂಗಿಗೆ ಕಟ್ಟಿದ ಬಟ್ಟೆಯು ಈ ಹೊಗೆಯನ್ನು ತಡೆಯಲಾರದು. ಮನೆಯ ಮುಂಗೋಣೆಯೇ ಅಕ್ಕಸಾಲೆಯಾಗಿರುವೆಡೆ ಹೆಂಡಿರು ಮಕ್ಕಳೂ ಅದೇ ಗಾಳಿಯನ್ನು ಉಸಿರಾಡುತ್ತಾರೆ.

ಈಗ ಸತು, ಇಂಡಿಯಂ ಮೊದಲಾದ ಲೋಹಗಳು ಬೆರೆತ, ಕ್ಯಾಡ್ಮಿಯಂ ಇಲ್ಲದ ಬೆಸುಗೆಗಳು ದೊರೆಯುತ್ತವೆ. ಇಂಡಿಯಂ ಕೇವಲ 157 ಡಿಗ್ರಿಯಲ್ಲಿ ಕರಗಿದರೂ ಕುದಿಯುವುದು 2000 ಡಿಗ್ರಿಗಿಂತ ಮೇಲೆ. ಆದುದರಿಂದ ಜ್ವಾಲೆಯಲ್ಲಿ ಅದು ಸುಲಭವಾಗಿ ಆವಿಯಾಗುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಲೇಸರ್ ಕಿರಣದಿಂದ, ಬೇರೆ ಲೋಹವನ್ನೇ ಸೇರಿಸದೆ ಬೆಸೆಯುವುದೂ ಉಂಟು.

ಗಿರಾಕಿಗಳಿಗೂ ಒಂದು ಮಾತು. ಕೆ.ಡಿ.ಎಂ. ಎಂಬುದು ಶುದ್ಧತೆಯ ಮುದ್ರೆಯಲ್ಲ. ಭಾರತೀಯ ಮಾನಕ ಬ್ಯೂರೋವಿನ ಹಾಲ್‌ಮಾರ್ಕ್ ಮಾತ್ರ ಪರೀಕ್ಷೆಯ ಗುರುತು. 2021ರ ಜೂನ್ 16ರಿಂದ ಅದು ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿತು. 22 ಕ್ಯಾರೆಟ್ ಒಡವೆಯ ಮೇಲೆ 916 ಎಂಬ ಅಂಕಿಯೂ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತೂ ಇರುತ್ತವೆ.

ಹೊಸದಾಗಿ ಅಕ್ಕಸಾಲೆಯನ್ನು ತೆರೆಯುವವರು ತಕ್ಕಡಿ, ಒರೆಗಲ್ಲುಗಳನ್ನು ಆರಿಸುವಷ್ಟೇ ಎಚ್ಚರದಿಂದ ಬೆಸುಗೆಯಲ್ಲಿ ಯಾವ ಲೋಹಗಳಿವೆಯೆಂದು ಕೇಳಿ ತಿಳಿಯಬೇಕು. ಜ್ವಾಲೆಯ ಹೊಗೆ ಹೊರಗೆ ಹೋಗುವಂತೆ ಕಿಟಕಿಯನ್ನೂ ಗಾಳಿಯೆಳೆಯುವ ಫ್ಯಾನನ್ನೂ ಅಳವಡಿಸಿಕೊಳ್ಳಬೇಕು. ಗಿರಾಕಿಯ ಚಿನ್ನದಂತೆಯೇ ಕುಶಲಕರ್ಮಿಯ ಉಸಿರೂ ಕಾಪಾಡಬೇಕಾದ ವಸ್ತುವಲ್ಲವೆ?