ಆಟದ ವಿಮಾನಕ್ಕೆ ಕಣ್ಣು: ಕೊಳ್ಳುವ ಮುಂಚೆ ನಾಲ್ಕು ಮಾತು

ಹಿಂದೆ ಈ ಪತ್ರಿಕೆಗೆ ಬದು ಹಾಕುವ ಬಗ್ಗೆ, ಅಕ್ಕಡಿ ಸಾಲಿನ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಆಟದ ವಿಮಾನ. ನಗಬೇಡಿ. ಎರಡು ಟಗರು ಮಾರಿದ ದುಡ್ಡಿನಲ್ಲಿ ಒಂದು ಪಾಲು ದಂಡ ತೆತ್ತು ಕಲಿತ ಪಾಠ ಇದು. ಈಗ ಹಳ್ಳಿ ಹುಡುಗರೂ ಥರ್ಮಕೋಲಿನ ವಿಮಾನ ಮಾಡಿ ಹಾರಿಸುತ್ತಾರೆ. ನಿಮ್ಮ ಮನೆಯಲ್ಲಿ ಅಂಥವನೊಬ್ಬ ಇದ್ದರೆ ನನ್ನ ಹಾಗೆ ಕೈ ಸುಟ್ಟುಕೊಳ್ಳುವುದು ಬೇಡ.

ನಮ್ಮದು ಶಿರಾ ತಾಲ್ಲೂಕು, ಆರು ಎಕರೆ ಖುಷ್ಕಿ ಜಮೀನು. ಕಡಲೆಕಾಯಿ, ನಡುವೆ ತೊಗರಿ ಅಕ್ಕಡಿ. ಚಿಕ್ಕ ಮಗ ಐಟಿಐ ಮುಗಿಸಿ ಬೆಂಗಳೂರಲ್ಲಿ ಎರಡು ವರ್ಷ ಕೆಲಸಕ್ಕಿದ್ದು ವಾಪಸ್ ಬಂದ. ಯಾಕೆ ಬಂದೆ ಅಂತ ನಾನು ಕೇಳಿದ ಧಾಟಿ ಸರಿಯಿರಲಿಲ್ಲ. ಆಮೇಲೆ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ. ಸಂಜೆಯಾದರೆ ಒಣಗಿದ ಕೆರೆ ಅಂಗಳಕ್ಕೆ ಹೋಗಿ ತಾನೇ ಮಾಡಿದ ವಿಮಾನ ಹಾರಿಸುತ್ತಿದ್ದ. ಒಂದಿನ ನಾನೂ ಹೋಗಿ ನಿಂತೆ. "ಅಪ್ಪ, ಇದಕ್ಕೊಂದು ಕ್ಯಾಮೆರಾ ಕಟ್ಟಿದ್ರೆ ಒಳಗೇ ಕೂತ್ಕಂಡು ಹಾರಿಸ್ದಂಗೆ ಆಗ್ತೈತೆ" ಅಂದ. ಅವನಾಗಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಮುಂದಿನ ಸಂತೆಗೆ ಟಗರು ಹೊಡಕೊಂಡು ಹೋದೆ.

ಇದು ಏನು?

ಇದಕ್ಕೆ ಎಫ್‌ಪಿವಿ ಅನ್ನುತ್ತಾರೆ. ವಿಮಾನದ ಮೂತಿಗೆ ಬೆರಳ ತುದಿಯಷ್ಟು ಕ್ಯಾಮೆರಾ. ಅದರ ಹಿಂದೆ ಚಿತ್ರವನ್ನು ಗಾಳಿಯಲ್ಲಿ ಕಳಿಸುವ ವಿಡಿಯೋ ಟ್ರಾನ್ಸ್‌ಮಿಟರ್. ನೆಲದ ಮೇಲೆ ಅದನ್ನು ಹಿಡಿದು ತೋರಿಸುವ ಕನ್ನಡಕ, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪುಟ್ಟ ಟಿವಿ. ಎರಡೂ ಕಡೆ ಆಂಟೆನಾ. ಚಿತ್ರ ಸಾಮಾನ್ಯವಾಗಿ ಬರುವುದು 5.8 ಗಿಗಾಹರ್ಟ್ಸ್ ಅಲೆಯಲ್ಲಿ. ವಿಮಾನ ನಡೆಸುವ ರಿಮೋಟು ಬೇರೆ, ಅದು ಹೆಚ್ಚಾಗಿ 2.4ರಲ್ಲಿ ಕೆಲಸ ಮಾಡುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಮೊಬೈಲಿಗೆ ಚಿತ್ರ ಕಳಿಸುವ ಅಗ್ಗದ ವೈಫೈ ಕ್ಯಾಮೆರಾ ಸಾಲದೆ ಅಂತ ನಾನೂ ಕೇಳಿದೆ. ಸುಮ್ಮನೆ ನೋಡುವುದಕ್ಕೆ ಸಾಕು, ಹಾರಿಸಲು ಸಾಲದು. ವಿಮಾನ ಗಂಟೆಗೆ 36 ಕಿಲೋಮೀಟರ್ ಹೋದರೆ ಸೆಕೆಂಡಿಗೆ 10 ಮೀಟರ್ ಆಯ್ತು. ಚಿತ್ರ ಕಾಲು ಸೆಕೆಂಡು ತಡವಾಗಿ ಬಂದರೆ ನಾವು ನೋಡುವ ಹೊತ್ತಿಗೆ ವಿಮಾನ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಜಾಲಿ ಮರ ಕಂಡಾಗ ಅದು ಆಗಲೇ ಮರದಲ್ಲಿರುತ್ತದೆ.

ಮೊದಲ ತಪ್ಪು: ಜೋಡಿ ನೋಡದೆ ಕೊಂಡದ್ದು

ಒಬ್ಬರ ಹತ್ತಿರ ಹಳೇ ಕ್ಯಾಮೆರಾ-ಟ್ರಾನ್ಸ್‌ಮಿಟರ್ 9,000ಕ್ಕೆ ಸಿಕ್ಕಿತು. ಚಿತ್ರ ಬಲು ಚೆಂದ ಅಂದರು. ಕನ್ನಡಕ ಇನ್ನೊಂದು ಕಡೆ 8,500ಕ್ಕೆ ತಂದೆವು. ಕೆರೆ ಅಂಗಳದಲ್ಲಿ ಕೂತು ಎಷ್ಟು ತಿರುಗಿಸಿದರೂ ಬರೀ ಬಿಳಿ ಮಬ್ಬು. ಆಮೇಲೆ ಗೊತ್ತಾಯ್ತು, ಕ್ಯಾಮೆರಾ ಕಡೆಯದು ಡಿಜಿಟಲ್, ಕನ್ನಡಕ ಅನಲಾಗ್. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಕೊನೆಗೆ ಜೋಡಿ ಕನ್ನಡಕ ಇದ್ದ ತುಮಕೂರಿನ ಹುಡುಗನೊಬ್ಬನಿಗೆ 5,000ಕ್ಕೆ ಕೊಟ್ಟೆವು.

ಆದ್ದರಿಂದ ಮೊದಲು ಯಾವ ಜಾತಿ ಅಂತ ತೀರ್ಮಾನ ಮಾಡಿ. ಅನಲಾಗ್ ಹಳೇ ಟಿವಿ ಥರ. ಚಾನೆಲ್ ಒಂದೇ ಇದ್ದರೆ ಯಾವ ಕಂಪನಿಯ ಟ್ರಾನ್ಸ್‌ಮಿಟರಿಗೆ ಯಾವ ಕಂಪನಿಯ ಕನ್ನಡಕವಾದರೂ ನಡೆಯುತ್ತದೆ. ಡಿಜಿಟಲ್‌ನಲ್ಲಿ ಡಿಜೆಐ, ವಾಕ್‌ಸ್ನೇಲ್, ಎಚ್‌ಡಿಝೀರೊ ಅಂತ ಇವೆ. ಒಬ್ಬರದು ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಒಂದೇ ಕಂಪನಿಯಲ್ಲೂ ಹಳೇ ಮಾದರಿಗೆ ಹೊಸದು ಹೊಂದುತ್ತದೆಯೇ ಅಂತ ಕೇಳಿಯೇ ಕೊಳ್ಳಬೇಕು.

ಚೆಂದದಲ್ಲಿ ಡಿಜಿಟಲ್ಲೇ ಮೇಲು. ಆದರೆ ನಾನು ನೋಡುವುದು ಕೆಡುವಾಗ ಅದು ಹೇಗೆ ಕೆಡುತ್ತದೆ ಅಂತ. ಅನಲಾಗ್ ದೂರ ಹೋದಂತೆಲ್ಲ ಸ್ವಲ್ಪ ಸ್ವಲ್ಪವೇ ಚುಕ್ಕಿ ಚುಕ್ಕಿಯಾಗುತ್ತದೆ. 'ವಾಪಸ್ ತಿರುಗು' ಅಂತ ಅದೇ ಹೇಳಿದಂಗೆ. ಡಿಜಿಟಲ್‌ನಲ್ಲಿ ಹೆಚ್ಚಿನವು ಕೊನೆವರೆಗೂ ಚೆನ್ನಾಗಿ ತೋರಿಸಿ, ಆಮೇಲೆ ತಟ್ಟನೆ ಚಿತ್ರ ನಿಂತೇ ಬಿಡುತ್ತದೆ. ಕಲಿಯುವವರಿಗೆ ಮುನ್ಸೂಚನೆ ಕೊಡುವುದೇ ಲೇಸು. ಅನಲಾಗ್ ಹಗುರವೂ ಹೌದು. ಡಿಜಿಟಲ್ ಸೆಟ್ಟು ನಾವು ವಿಚಾರಿಸಿದಾಗ ನಮ್ಮದರ ಮೂರು ನಾಲ್ಕು ಪಟ್ಟಿತ್ತು. ವಿಮಾನ ಬಿದ್ದೇ ಬೀಳುತ್ತದೆ. ಬೀಳುವ ಸಾಮಾನು ಅಗ್ಗದ್ದಿರಲಿ.

ಎರಡನೇ ತಪ್ಪು: ಆಂಟೆನಾ

ಆಮೇಲೆ ಅನಲಾಗ್ ಕ್ಯಾಮೆರಾ-ಟ್ರಾನ್ಸ್‌ಮಿಟರ್ 3,200 ಕೊಟ್ಟು ತಂದೆವು. ಚಿತ್ರ ಬಂತು. ಆದರೆ ಐವತ್ತು ಮಾರು ಹೋಗುವುದರೊಳಗೆ ಮಸುಕು. ಕಾರಣ ಆಂಟೆನಾದ ಹುರಿ. ಅಣಬೆ ಆಕಾರದ ಈ ಆಂಟೆನಾಗಳು ಅಲೆಯನ್ನು ಸುತ್ತಿಸಿ ಬಿಡುತ್ತವೆ. ಹಗ್ಗ ಹೊಸೆಯುವಾಗ ಬಲಹುರಿ, ಎಡಹುರಿ ಅನ್ನುತ್ತೀವಲ್ಲ, ಹಾಗೆಯೇ. ಆರ್‌ಎಚ್‌ಸಿಪಿ ಅಂದರೆ ಬಲ, ಎಲ್‌ಎಚ್‌ಸಿಪಿ ಅಂದರೆ ಎಡ. ನಮ್ಮ ವಿಮಾನದ್ದು ಬಲ, ಕನ್ನಡಕದ್ದು ಎಡ. 600 ರೂಪಾಯಿ ಕೊಟ್ಟು ಎರಡೂ ಕಡೆಗೆ ಒಂದೇ ಹುರಿಯ ಜೋಡಿ ಹಾಕಿದ ಮೇಲೆ ಸರಿಯಾಯ್ತು.

ಇನ್ನೊಂದು. ಆಂಟೆನಾ ಸಿಕ್ಕಿಸದೆ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಬಾರದು. ಹೊರಗೆ ಹೋಗಬೇಕಾದ ಬಲ ಒಳಗೇ ತಿರುಗಿ ಸುಟ್ಟು ಹೋಗುತ್ತದೆ. ಈ ತಪ್ಪು ಮಾಡಿದ್ದು ನಾನೇ. ಮಗ ಊಟಕ್ಕೆ ಹೋಗಿದ್ದಾಗ ನೋಡೋಣ ಅಂತ ಬ್ಯಾಟರಿ ಸಿಕ್ಕಿಸಿದೆ. 1,800 ರೂಪಾಯಿ ಹೊಗೆ. ಬೈತಾನೆ ಅಂದುಕೊಂಡೆ. "ಹೋಗ್ಲಿ ಬಿಡಪ್ಪ, ನಾನೂ ಬೆಂಗಳೂರಲ್ಲಿ ಒಂದು ಸುಟ್ಟಿದ್ದೆ" ಅಂದ.

ಮೂರನೇ ತಪ್ಪು: ಬಲ ಹೆಚ್ಚಿದ್ದಷ್ಟು ಒಳ್ಳೇದು ಅನ್ನುವುದು

ಟ್ರಾನ್ಸ್‌ಮಿಟರಿನ ಬಲವನ್ನು ಮಿಲಿವ್ಯಾಟ್‌ನಲ್ಲಿ ಹೇಳುತ್ತಾರೆ. 25 ಇದ್ದದ್ದನ್ನು 100 ಮಾಡಿದರೆ ದೂರ ನಾಲ್ಕು ಪಟ್ಟಾಗುವುದಿಲ್ಲ, ಬಯಲಿನಲ್ಲೂ ಎರಡೇ ಪಟ್ಟು. ಬಲ ಜಾಸ್ತಿಯಾದಂತೆ ಕಾವು ಜಾಸ್ತಿ, ಬ್ಯಾಟರಿ ಬೇಗ ಖಾಲಿ, ಪಕ್ಕದಲ್ಲಿ ಹಾರಿಸುವವರ ಚಿತ್ರವೂ ಹಾಳು. ಟ್ರಾನ್ಸ್‌ಮಿಟರ್ ತಣ್ಣಗಾಗುವುದು ಹಾರುವಾಗ ಬೀಸುವ ಗಾಳಿಯಿಂದ. ನೆಲದ ಮೇಲಿಟ್ಟು ಹತ್ತು ನಿಮಿಷ ಉರಿಸಬೇಡಿ.

ಬಲಕ್ಕಿಂತ ಆಂಟೆನಾ ಮುಖ್ಯ. ಅಣಬೆ ಆಂಟೆನಾ ಸ್ಪ್ರಿಂಕ್ಲರ್ ಇದ್ದಂಗೆ, ಸುತ್ತಲೂ ಸಮ, ಆದರೆ ದೂರ ಹೋಗದು. ಚಪ್ಪಟೆ ಪ್ಯಾಚ್ ಆಂಟೆನಾ ಪೈಪಿನ ತುದಿ ಹಿಚುಕಿ ನೀರು ಚಿಮ್ಮಿಸಿದಂಗೆ, ದೂರ ಹೋಗುತ್ತದೆ, ಆದರೆ ಮುಖ ಮಾಡಿದ ಕಡೆಗೆ ಮಾತ್ರ. ವಿಮಾನಕ್ಕೆ ಅಣಬೆ, ಕನ್ನಡಕಕ್ಕೆ ಎರಡೂ ಒಂದೊಂದು ಇದ್ದರೆ ಒಳ್ಳೇದು. ಈ ಅಲೆಗೆ ಹಸಿ ಎಲೆ ಆಗದು, ಎಲೆಯೊಳಗಿನ ನೀರು ಅದನ್ನು ಕುಡಿದುಬಿಡುತ್ತದೆ. ನಮ್ಮ ಕೆರೆ ಏರಿಯ ಹುಣಸೆ ಮರದ ಹಿಂದೆ ಹೋದರೆ ಚಿತ್ರ ಹೋಯ್ತು ಅಂತಲೇ ಲೆಕ್ಕ.

ಕನ್ನಡಕ ನೋಡಿ ಕೊಳ್ಳಿ

ವಿಮಾನ ಹತ್ತು ಬದಲಾದರೂ ಕನ್ನಡಕ ಒಂದೇ ಇರುತ್ತದೆ. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ಎರಡು ಬಗೆ ಇವೆ: ದೊಡ್ಡ ಡಬ್ಬಿಯಂಥದ್ದು, ತೆಳ್ಳಗಿನದು. ನನ್ನ ಹಾಗೆ ಚಾಳೀಸು ಹಾಕುವವರಿಗೆ ಡಬ್ಬಿಯದೇ ವಾಸಿ, ಎಷ್ಟೋ ಮಾದರಿಗಳಲ್ಲಿ ಚಾಳೀಸಿನ ಮೇಲೇ ಹಾಕಿಕೊಳ್ಳಬಹುದು. ಅಂಗಡಿಯಲ್ಲೇ ಹಾಕಿ ನೋಡಿ. ತೆಳ್ಳಗಿನದಕ್ಕೆ ಎರಡು ಕಣ್ಣಿನ ನಡುವಿನ ಅಂತರ ಹೊಂದಬೇಕು.

ಬಿಸಿಲಿನಲ್ಲಿ ಮಸೂರ ಮೇಲೆ ಮಾಡಿ ಇಡಬೇಡಿ. ಭೂತಗನ್ನಡಿಯಲ್ಲಿ ಕಾಗದ ಸುಟ್ಟಂತೆ ಒಳಗಿನ ಪರದೆ ಸುಟ್ಟು ಕಲೆಯಾಗುತ್ತದೆ.

ಕಂಡದ್ದನ್ನು ಮುದ್ರಿಸಿಕೊಳ್ಳುವ ಡಿವಿಆರ್ ಇರುವ ಕನ್ನಡಕವನ್ನೇ ಆರಿಸಿ. ಕಳೆದ ಕಾರ್ತೀಕದಲ್ಲಿ ನಮ್ಮ ವಿಮಾನ ಪಕ್ಕದವರ ತೊಗರಿಯಲ್ಲಿ ಬಿತ್ತು. ಎದೆಮಟ್ಟ ತೊಗರಿ, ಹೂ ಬಿಟ್ಟ ಹೊತ್ತು. ಕತ್ತಲಾಗುವವರೆಗೆ ಬದುವಿನ ಮೇಲೆ ಹುಡುಕಿದೆವು. ಒಳಗೆ ನುಗ್ಗಿ ತುಳಿದರೆ ಅವರ ಹೊಟ್ಟೆ ಮೇಲೆ ಹೊಡೆದಂಗೆ. ರಾತ್ರಿ ಮಗ ಮುದ್ರಣ ಹಿಂದೆ ಮುಂದೆ ಓಡಿಸಿ, ಬೀಳುವ ಮುಂಚೆ ಒಂದು ಬೇವಿನ ಮರ, ಅದರ ಎಡಕ್ಕೆ ಬಿಳಿ ಗಡಿಕಲ್ಲು ಕಂಡದ್ದನ್ನು ತೋರಿಸಿದ. ಆ ಕಲ್ಲು ನನಗೆ ಗೊತ್ತು, ಅಳತೆ ಮಾಡಿ ನೆಟ್ಟಾಗ ನಾನೇ ಹಿಡಿದಿದ್ದೆ. ಬೆಳಗ್ಗೆ ಅವರಿಗೆ ಹೇಳಿ, ಸಾಲಿನ ನಡುವೆ ನೇರ ಹೋಗಿ ಹತ್ತು ನಿಮಿಷದಲ್ಲಿ ತಂದೆವು. ಒಂದು ಗಿಡವೂ ಮುರಿಯಲಿಲ್ಲ.

ಕಾನೂನು

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದನ್ನು ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ನಮ್ಮದು ಬ್ಯಾಟರಿ ಸೇರಿ 230 ಗ್ರಾಂ. ಹವ್ಯಾಸದ ವಿಮಾನ ಕಣ್ಣಳತೆಯಲ್ಲೇ ಹಾರಬೇಕು. ಹಸಿರು ವಲಯದಲ್ಲಿ ಮಿತಿ 400 ಅಡಿ ಎತ್ತರ. ಸರ್ಕಾರದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ನೋಡಿಕೊಂಡೇ ಹಾರಿಸಿ. ಬಯಲುಸೀಮೆ ಅಂದ ಮಾತ್ರಕ್ಕೆ ಆಕಾಶ ಖಾಲಿ ಅಂತಲ್ಲ. ಚಳ್ಳಕೆರೆ ಹತ್ತಿರ 2017ರಿಂದ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವೇ ಇದೆ. 2022ರ ಫೆಬ್ರವರಿಯಲ್ಲಿ ಹೊರದೇಶದಿಂದ ಇಡೀ ಡ್ರೋನ್ ತರಿಸುವುದನ್ನು ಸರ್ಕಾರ ನಿಷೇಧಿಸಿತು, ಬಿಡಿಭಾಗಕ್ಕೆ ಆ ನಿಷೇಧ ಹಾಕಲಿಲ್ಲ.

ಕನ್ನಡಕ ಕಟ್ಟಿದವನಿಗೆ ಪಕ್ಕದಲ್ಲಿ ಹಸು ಬಂದರೂ ಕಾಣದು. ಬರಿಗಣ್ಣಲ್ಲಿ ವಿಮಾನವನ್ನೂ ಸುತ್ತಮುತ್ತಲನ್ನೂ ನೋಡುವ ಇನ್ನೊಬ್ಬರು ಪಕ್ಕದಲ್ಲಿ ಇರಲೇಬೇಕು. ನಮ್ಮಲ್ಲಿ ಆ ಕೆಲಸ ನನ್ನದು. "ಎಡಕ್ಕೆ ಹದ್ದು ಐತೆ", "ಕುರಿಯೋರು ಬಂದ್ರು, ಇಳಿಸು" ಅಂತ ಹೇಳುತ್ತಿರಬೇಕು. ಈಗ ದಿನಾ ಸಂಜೆ ಇಬ್ಬರೂ ಮಾತಾಡಲೇಬೇಕು, ಬೇರೆ ದಾರಿ ಇಲ್ಲ.

ಲೆಕ್ಕ

ಕ್ಯಾಮೆರಾ-ಟ್ರಾನ್ಸ್‌ಮಿಟರ್ 3,200, ಕನ್ನಡಕ 8,500, ಆಂಟೆನಾ ಜೋಡಿ 600. ಒಟ್ಟು 12,300. ದಂಡ ತೆತ್ತದ್ದು ಜೋಡಿ ತಪ್ಪಿದ್ದಕ್ಕೆ 4,000, ಸುಟ್ಟದ್ದಕ್ಕೆ 1,800, ಒಟ್ಟು 5,800. ಕೇಳಿ ಕೊಂಡಿದ್ದರೆ ಒಂದು ಟಗರು ಪೂರ್ತಿ ಉಳಿಯದಿದ್ದರೂ ಅರ್ಧ ಉಳಿಯುತ್ತಿತ್ತು. ಇದರಿಂದ ಆದಾಯ ಇಲ್ಲ, ಇದೆ ಅಂತ ನಾನು ಹೇಳುವುದೂ ಇಲ್ಲ. ಮಳೆ ಬಂದ ಮೇಲೆ ಬದು ಎಲ್ಲಿ ಒಡೆದಿದೆ ಅಂತ ಎರಡು ಸಲ ಮೇಲಿಂದ ನೋಡಿದ್ದು ನಿಜ. ಅದನ್ನು ನಡೆದೂ ನೋಡಬಹುದಿತ್ತು.

ಆಷಾಢದ ಗಾಳಿಗೆ ನಮ್ಮ ಹಗುರ ವಿಮಾನ ನಿಲ್ಲುವುದಿಲ್ಲ. ಗಾಳಿ ಸೀಮೆಯವರು ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನಾವಿಬ್ಬರೂ ಓದುತ್ತೇವೆ.