ಟಿಪ್ಪಣಿಯಲ್ಲಿ ಹುದುಗಿದ ಕೆಲಸವನ್ನು ಹೆಕ್ಕುವ ಬಗೆ



ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ. 2024ರ ಜೂನ್ 5ರಂದು ನಮ್ಮ ಅಡಿಕೆ ತೋಟಕ್ಕೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆಸಿ, "45 ದಿನಕ್ಕೆ ಮತ್ತೆ" ಎಂದು ಮೊಬೈಲಿನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದೆವು. ಅದರ ಕೆಳಗೆ ಆಳುಗಳ ಬಟವಾಡೆ, ಗೊಬ್ಬರದ ಲೆಕ್ಕ, ಮಾತ್ರೆಯ ಹೆಸರು ಎಲ್ಲವೂ ಬಂದು ಸೇರಿದವು. ಜುಲೈ 20 ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಆ ಸಾಲು ಕಣ್ಣಿಗೆ ಬೀಳುವಷ್ಟರಲ್ಲಿ ಕೊನೆಗಾರನನ್ನು ಬೇರೆಯವರು ಗೊತ್ತುಮಾಡಿಕೊಂಡಿದ್ದರು. ಮರದಡಿ ಕೊಳೆತ ಕಾಯಿ ಉದುರಿತ್ತು. ಬರೆದಿಡದೆ ಕೆಟ್ಟದ್ದಲ್ಲ, ಬರೆದದ್ದು ಬೇಕಾದಾಗ ಕೈಗೆ ಸಿಗದೆ ಕೆಟ್ಟದ್ದು.

ಇಂತಹ ಟಿಪ್ಪಣಿಗಳಿಂದ ಕೆಲಸದ ಸಾಲುಗಳನ್ನಷ್ಟೇ ಹೆಕ್ಕಿ ಪಟ್ಟಿ ಮಾಡಿಕೊಡುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದು. ಯಂತ್ರಕ್ಕೆ ಕೊಡುವ ಅಪ್ಪಣೆಗಳ ಸಾಲಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎನ್ನುತ್ತಾರೆ. 1991ರಲ್ಲಿ ಹೊರಬಂದ ಪೈಥಾನ್ ಎಂಬ ಭಾಷೆಯಲ್ಲಿ ಇದಕ್ಕೆ ಇಪ್ಪತ್ತು-ಮೂವತ್ತು ಸಾಲು ಸಾಕು. ಪೈಥಾನ್ ಉಚಿತವಾಗಿಯೇ ದೊರೆಯುತ್ತದೆ.

ಆದರೆ ಒಂದು ಮಾತು ನೆನಪಿರಲಿ. ಕ್ರಮವಿಧಿಗೆ ತೋಟ ಗೊತ್ತಿಲ್ಲ, ಮಳೆ ಗೊತ್ತಿಲ್ಲ. ನಾವಿಟ್ಟ ಗುರುತನ್ನು ಮಾತ್ರ ಅದು ಬಲ್ಲದು. ಆದ್ದರಿಂದ ಕೆಲಸದ ಸಾಲನ್ನು ಯಾವಾಗಲೂ ಒಂದೇ ರೀತಿ ಬರೆಯತಕ್ಕದ್ದು:

ಕೆಲಸ, 2024-07-20, ಅಡಿಕೆ, ಎರಡನೇ ಸಲ ಬೋರ್ಡೋ

ಮೊದಲು ಗುರುತು, ಆಮೇಲೆ ದಿನಾಂಕ, ಬೆಳೆ, ಕೊನೆಗೆ ವಿವರ, ನಡುವೆ ಅಲ್ಪವಿರಾಮ. ದಿನಾಂಕದಲ್ಲಿ ವರ್ಷವನ್ನು ಮುಂದಿಟ್ಟರೆ, ಸಾಲುಗಳನ್ನು ಅಂಕಿಯ ಕ್ರಮದಲ್ಲಿ ಜೋಡಿಸಿದ ಕೂಡಲೇ ಅವು ದಿನದ ಕ್ರಮದಲ್ಲೂ ಬಂದು ನಿಲ್ಲುತ್ತವೆ. ಕೆಲಸ ಮುಗಿದ ಮೇಲೆ ಸಾಲನ್ನು ಅಳಿಸಬಾರದು. "ಕೆಲಸ" ಎಂಬುದನ್ನು "ಆಯ್ತು" ಎಂದು ತಿದ್ದಿದರೆ ಸಾಕು. ವರ್ಷದ ಕೊನೆಗೆ ಯಾವ ದಿನ ಏನು ಮಾಡಿದೆವೆಂಬ ದಾಖಲೆಯೂ ಉಳಿಯುತ್ತದೆ.

ಕ್ರಮವಿಧಿ ಮಾಡುವುದಿಷ್ಟೇ. ಟಿಪ್ಪಣಿಯ ಕಡತಗಳನ್ನು ಒಂದೊಂದಾಗಿ ತೆರೆದು ಸಾಲು ಸಾಲಾಗಿ ಓದುತ್ತದೆ. "ಕೆಲಸ" ಎಂದು ಆರಂಭವಾಗುವ ಸಾಲನ್ನು ಅಲ್ಪವಿರಾಮ ಇದ್ದಲ್ಲಿ ತುಂಡರಿಸಿ, ತುಂಡುಗಳನ್ನು ಪಟ್ಟಿಯ ಅಂಕಣಗಳಿಗೆ ಹಾಕುತ್ತದೆ. ಕೊನೆಗೆ ದಿನಾಂಕದ ಪ್ರಕಾರ ಜೋಡಿಸಿ ಮುಂದಿಡುತ್ತದೆ. ಮೂಲ ಕಡತವನ್ನು ಓದುವುದಕ್ಕಷ್ಟೇ ಅಪ್ಪಣೆ ಕೊಡಬೇಕು, ತಿದ್ದುವುದಕ್ಕೆ ಕೊಡಬಾರದು.

ಎಡವುವ ಜಾಗಗಳು ಮೂರಿವೆ.

ಒಂದು, ಕಾಗುಣಿತ. "ಕೆಲ್ಸ" ಎಂದು ಬರೆದರೆ ಕ್ರಮವಿಧಿ ಆ ಸಾಲನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಇದೇ ದೊಡ್ಡ ಅಪಾಯ. ದಿನಾಂಕವಿದ್ದೂ ಗುರುತಿಲ್ಲದ ಸಾಲುಗಳನ್ನು ಬೇರೆ ಪಟ್ಟಿ ಮಾಡುವಂತೆ ಅದಕ್ಕೆ ಹೇಳಿಟ್ಟರೆ, ನಾವೇ ಕಣ್ಣಾಡಿಸಿ ಸರಿಪಡಿಸಬಹುದು.

ಎರಡು, ಲಿಪಿ. ಮೊಬೈಲಿನಲ್ಲಿ ಬರೆಯುವ ಕನ್ನಡ ಯೂನಿಕೋಡ್ ಎಂಬ ಪದ್ಧತಿಯದು. ಅದರಲ್ಲಿ "ಕ" ಅಕ್ಷರಕ್ಕೆ 3221 ಎಂಬ ಸಂಖ್ಯೆ ನಿಗದಿಯಾಗಿದೆ. ಯೂನಿಕೋಡಿಗೆ ಮೊದಲಿನ ಲಿಪಿಗಳಲ್ಲಿ ಬೆರಳಚ್ಚಾದ ಹಳೆಯ ಕಡತಗಳು ನಮ್ಮ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಬೇರೆಯೇ ಅಕ್ಷರಗಳು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಮೂರು, ಕಡತದ ಬಗೆ. ಕೈಬರಹದ ಪುಟದ ಫೋಟೋ ಚಿತ್ರವೇ ಹೊರತು ಅಕ್ಷರವಲ್ಲ. ಈ ಉಪಾಯ ಅದಕ್ಕೆ ಸಲ್ಲದು. ಟಿಪ್ಪಣಿಯನ್ನು ಬರೀ ಅಕ್ಷರಗಳಿರುವ ಸಾದಾ ಕಡತವಾಗಿ ಹೊರತೆಗೆದುಕೊಳ್ಳಬೇಕು.

ದಿನ ಎಣಿಸುವುದನ್ನೂ ಯಂತ್ರಕ್ಕೇ ಬಿಡಬಹುದು. ಮೊದಲ ಸಿಂಪಡಣೆಯ ದಿನಾಂಕ ಕೊಟ್ಟರೆ 45 ದಿನ ಕೂಡಿಸಿ ಮುಂದಿನದನ್ನು ಅದೇ ಹೇಳುತ್ತದೆ. ಕಾಫಿಯ ಕಸಿ, ಮರಗಸಿ, ಗೊಬ್ಬರದ ಕಂತುಗಳಿಗೂ ಇದೇ ರೀತಿ. ಆದರೆ ಅಂದು ಮಳೆ ಹೊಳವಾಗಿದೆಯೇ, ಮೈಲುತುತ್ತು, ಸುಣ್ಣ ಮನೆಯಲ್ಲಿವೆಯೇ, ಕೊನೆಗಾರ ಬರುತ್ತಾನೆಯೇ ಎಂಬುದನ್ನು ನಾವೇ ನೋಡಬೇಕು.

ನಾವು ಈಗ ಪ್ರತಿ ಸೋಮವಾರ ಬೆಳಿಗ್ಗೆ ಈ ಪಟ್ಟಿ ತೆಗೆದು, ಕಾಗದಕ್ಕೆ ಇಳಿಸಿ, ಅಂಗಳದ ಕಂಬಕ್ಕೆ ಸಿಕ್ಕಿಸುತ್ತೇವೆ. ಸದಸ್ಯರು ಇಂದೇ ಮೂರು ಸಾಲು ಈ ರೀತಿ ಬರೆದು ನೋಡಬೇಕು. ಹೊಸಮನೆಗೆ ಬಂದಾಗ ಮೊಬೈಲನ್ನು ಕಚೇರಿಗೆ ತಂದರೆ, ಪಟ್ಟಿ ತೆಗೆಯುವುದನ್ನು ಎದುರಿಗೇ ಕೂತು ತೋರಿಸಿಕೊಡುತ್ತೇವೆ.

— ಕಾರ್ಯದರ್ಶಿ