ಮುರಿದ ತೋಳಿಗೆ ಎಂಥ ಬೆಸುಗೆ?

ಒಂದೂವರೆ ಕಿಲೋ ತೂಕದ ರಿಮೋಟ್ ಕಾರು. ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು. ಅದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ ಫುಟ್‌ಪಾತಿನ ಅಂಚುಗಲ್ಲಿಗೆ ಬಡಿಯಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಆ ಗಳಿಗೆಯಲ್ಲಿ ಅದರೊಳಗಿರುವ ಚಲನಶಕ್ತಿ ಸುಮಾರು 92 ಜೌಲ್. ಇದೇ ಕಾರನ್ನು ಆರು ಮೀಟರಿಗೂ ಮೇಲಿನಿಂದ, ಅಂದರೆ ಎರಡನೇ ಮಹಡಿಯ ಬಾಲ್ಕನಿಯಿಂದ, ಕೈಬಿಟ್ಟರೆ ನೆಲ ಮುಟ್ಟುವಾಗ ಇರುವುದೂ ಅಷ್ಟೇ ಶಕ್ತಿ. ಡಿಕ್ಕಿ ಓರೆಯಾಗಿದ್ದರೆ ಇದರ ದೊಡ್ಡ ಪಾಲು ಮುಂದಿನ ಒಂದೇ ಚಕ್ರದ ಮೇಲೆ, ಆ ಚಕ್ರವನ್ನು ಹಿಡಿದಿರುವ ಬೆರಳುದ್ದದ ಪ್ಲಾಸ್ಟಿಕ್ ತೋಳಿನ ಮೇಲೆ ಬೀಳುತ್ತದೆ. ತೋಳು ಮುರಿಯುವುದರಲ್ಲಿ ಆಶ್ಚರ್ಯವಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಮುರಿಯದೆ ಉಳಿಯುತ್ತದಲ್ಲ, ಅದೇ ಆಶ್ಚರ್ಯ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ಅಂಥದೊಂದು ತೋಳನ್ನು ಎರಡು ತುಂಡಾಗಿ ಅಂಗೈಯಲ್ಲಿಟ್ಟುಕೊಂಡು ಬಂದ. “ಮಾವ, ಗಮ್ ಹಾಕಿ ರಾತ್ರಿಯೆಲ್ಲಾ ದಾರ ಸುತ್ತಿ ಇಟ್ಟಿದ್ದೆ. ಒಂದು ಸುತ್ತು ಓಡ್ತು, ಮತ್ತೆ ಕಿತ್ಕೊಂಡು ಬಂತು. ಗಮ್ಮೇ ಸರಿಯಿಲ್ಲ ಅನ್ಸತ್ತೆ” ಅಂದ. ಗಮ್ಮಿನ ತಪ್ಪೇನೂ ಇರಲಿಲ್ಲ. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳು ಮಿನುಗುತ್ತಿದ್ದವು. ಅದು ಗಾಜಿನೆಳೆ ತುಂಬಿದ ನೈಲಾನ್. ಪ್ಲಾಸ್ಟಿಕ್ ಯಾವುದೆಂದು ಕೇಳದೆ ಅಂಟು ಹಾಕುವುದು, ರೋಗ ಯಾವುದೆಂದು ಕೇಳದೆ ಮಾತ್ರೆ ಕೊಟ್ಟ ಹಾಗೆ.

ಪ್ಲಾಸ್ಟಿಕ್ ಅಂದರೆ ಉದ್ದುದ್ದದ ಅಣುಸರಪಳಿಗಳ ಗೋಜಲು. ಒರಳಿನಿಂದ ಆಗಷ್ಟೇ ಒತ್ತಿ ತಟ್ಟೆಗೆ ಹಾಕಿದ ಶಾವಿಗೆಯನ್ನು ನೆನಪಿಸಿಕೊಳ್ಳಿ. ಒಂದು ಎಳೆಯನ್ನು ಹಿಡಿದು ಎತ್ತಿದರೆ ಅರ್ಧ ಗುಡ್ಡೆಯೇ ಜೊತೆಗೆ ಮೇಲೇಳುತ್ತದೆ. ಪ್ಲಾಸ್ಟಿಕ್ಕಿನ ಗಟ್ಟಿತನದ ಗುಟ್ಟು ಈ ಸಿಕ್ಕಿನಲ್ಲಿದೆ. ಮುರಿದ ಜಾಗದಲ್ಲಿ ಎಳೆಗಳು ಹರಿದಿರುತ್ತವೆ ಅಥವಾ ಜಾರಿ ಹೊರಬಂದಿರುತ್ತವೆ. ಎರಡು ತುಂಡುಗಳನ್ನು ಎಷ್ಟೇ ಒತ್ತಿ ಹಿಡಿದರೂ ಆ ಕಡೆಯ ಎಳೆ ಈ ಕಡೆಗೆ ದಾಟುವುದಿಲ್ಲ. ದಾಟಬೇಕಾದರೆ ಎಳೆಗಳಿಗೆ ಹರಿದಾಡುವಷ್ಟು ಸಡಿಲ ಸಿಗಬೇಕು. ಅದನ್ನು ಕೊಡಬಲ್ಲವು ಎರಡೇ: ಬಿಸಿ ಮತ್ತು ಕರಗಿಸುವ ದ್ರಾವಕ. ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್-ಜಿಲ್ ದ ಜೆನ್ 1971ರಲ್ಲಿ ಈ ಹರಿದಾಟವನ್ನು ಹಾವಿನ ನಡೆಗೆ ಹೋಲಿಸಿ ಸಿದ್ಧಾಂತ ಮಂಡಿಸಿದರು. ಸಿಕ್ಕಿನ ನಡುವೆ ಸಿಲುಕಿದ ಸರಪಳಿ ಅಡ್ಡಕ್ಕೆ ಸರಿಯಲಾರದು, ತನ್ನ ಉದ್ದಕ್ಕೇ ತೆವಳಿ ಮುಂದೆ ಹೋಗಬೇಕು. 1991ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಊರುಗಳಲ್ಲಿ ಬಿರುಕು ಬಿಟ್ಟ ಬಕೆಟ್ಟು, ಕೊಡಗಳಿಗೆ ಕಾದ ಕಬ್ಬಿಣ ಒತ್ತಿ ಬೆಸುಗೆ ಹಾಕುವವರ ಕೈಯಲ್ಲಿ ನಡೆಯುವುದೂ ಇದೇ ತೆವಳಾಟ.

ಹಾಗಾದರೆ ಕೈಯಲ್ಲಿರುವ ತುಂಡು ಯಾವ ಪ್ಲಾಸ್ಟಿಕ್? ಮೊದಲು ಅದರ ಹಿಂಬದಿ ನೋಡಿ. ಎಷ್ಟೋ ಭಾಗಗಳ ಮೇಲೆ ಎಬಿಎಸ್, ಪಿಎ, ಪಿಪಿ, ಪಿಸಿ ಎಂದು ಅಚ್ಚಿನಲ್ಲೇ ಮೂಡಿಸಿರುತ್ತಾರೆ. ಪಿಎ ಅಂದರೆ ನೈಲಾನ್. ಪಕ್ಕದಲ್ಲಿ ಜಿಎಫ್30 ಎಂದಿದ್ದರೆ ತೂಕದಲ್ಲಿ ನೂರಕ್ಕೆ 30 ಪಾಲು ಗಾಜಿನೆಳೆ. ಗುರುತು ಇಲ್ಲದಿದ್ದರೆ ಒಂದು ಲೋಟ ನೀರು ಸಾಕು. ತೇಲಿದರೆ ಅದು ಬಹುತೇಕ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಅವಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿ ಹರಡದೆ ಕೂರುತ್ತದೆ. ಮುಳುಗಿದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಅಸಿಟೋನಿನ ಒಂದು ತೊಟ್ಟು ಇಟ್ಟು ನೋಡಿ. ಮೇಲ್ಮೈ ಮೆತ್ತಗಾಗಿ ಕೈಗೆ ಅಂಟಿದರೆ ಬಹುಶಃ ಎಬಿಎಸ್. ಏನೂ ಆಗದಿದ್ದರೆ ನೈಲಾನ್ ಇರಬಹುದು.

ಎಬಿಎಸ್ ಸಿಕ್ಕಿದರೆ ನಿಮ್ಮ ಅದೃಷ್ಟ. ಜಪಾನಿನ ಟಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ರಿಮೋಟ್ ಕಾರನ್ನು, ಒಂದು ಪೋರ್ಷೆ 934ರ ಪುಟ್ಟ ಪ್ರತಿರೂಪವನ್ನು, ತಂದಿತು. ಆ ಕಂಪನಿಯ ಎಷ್ಟೋ ಕಾರುಗಳ ತೊಟ್ಟಿಯಾಕಾರದ ಚಾಸಿ ಎಬಿಎಸ್ಸಿನದೇ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಬಾಟಲಿಗೆ ಹಾಕಿ ಅಸಿಟೋನ್ ಸುರಿದು ರಾತ್ರಿಯೆಲ್ಲ ಬಿಟ್ಟರೆ ದೋಸೆಹಿಟ್ಟಿನಂಥ ಮಂದದ ಲೇಪ ಸಿಗುತ್ತದೆ. ಬಿರುಕಿನ ಎರಡೂ ಮುಖಕ್ಕೆ ಅದನ್ನು ಹಚ್ಚಿ ಒತ್ತಿ ಹಿಡಿದರೆ ದ್ರಾವಕ ಎಳೆಗಳನ್ನು ಸಡಿಲಿಸುತ್ತದೆ, ಆ ಕಡೆಯವು ಈ ಕಡೆ ದಾಟುತ್ತವೆ, ಆಮೇಲೆ ದ್ರಾವಕ ಆವಿಯಾಗಿ ಹೋಗುತ್ತದೆ. ಇಲ್ಲಿ ಅಂಟು ಎಂಬ ಮೂರನೆಯ ವಸ್ತುವೇ ಉಳಿಯುವುದಿಲ್ಲ. ಆದರೆ ಆತುರ ಕೂಡದು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ಅಸಿಟೋನ್ ಹೊರಬರಲು ಒಂದೆರಡು ದಿನ ಬೇಕು. ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಒಲೆಯಿಂದ ದೂರ ಕೂತು ಈ ಕೆಲಸ ಮಾಡಿ.

ನೈಲಾನಿನ ಕಥೆ ಬೇರೆ. ಅದರ ಎಳೆಗಳು ಬರೀ ಗೋಜಲಾಗಿರುವುದಿಲ್ಲ, ಅಲ್ಲಲ್ಲಿ ಒತ್ತಾಗಿ ಸಾಲುಗಟ್ಟಿ ಹರಳಾಗಿರುತ್ತವೆ. ಅಸಿಟೋನಿಗೆ ಆ ಸಾಲಿನೊಳಗೆ ದಾರಿಯಿಲ್ಲ. ಬಿಸಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನೈಲಾನ್ 6 ಕರಗಲು ಸುಮಾರು 220 ಡಿಗ್ರಿ ಸೆಲ್ಸಿಯಸ್ ಬೇಕು, ನೈಲಾನ್ 66ಕ್ಕೆ ಸುಮಾರು 260. ಕಾದ ಸಾಲ್ಡರಿಂಗ್ ಐರನ್ನಿನಿಂದ ಬಿರುಕಿನ ಉದ್ದಕ್ಕೂ ವಿ ಆಕಾರದ ಕಾಲುವೆ ತೋಡಿ, ಅದರೊಳಗೆ ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ತುಂಬಬೇಕು. ಆ ಪ್ಲಾಸ್ಟಿಕ್ ಎಲ್ಲಿಂದ ತರುವುದು? ವೈರುಗಳನ್ನು ಕಟ್ಟುವ ಕೇಬಲ್ ಟೈ ಸಾಮಾನ್ಯವಾಗಿ ನೈಲಾನ್ 66. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಒಂದು ಕಟ್ಟು ವರ್ಷಗಟ್ಟಲೆಯ ಬೆಸುಗೆಗೆ ಸಾಕು. ಕಿಟಕಿ ತೆರೆದಿಡಿ, ಹೊಗೆ ಎದ್ದರೆ ಪ್ಲಾಸ್ಟಿಕ್ ಕರಗುವುದನ್ನು ಬಿಟ್ಟು ಸುಡುತ್ತಿದೆ ಎಂದರ್ಥ.

ಇಷ್ಟಾದರೂ ಜಿಎಫ್30 ತೋಳಿನ ಬೆಸುಗೆ ಮೂಲದಷ್ಟು ಬಲವಾಗುವುದಿಲ್ಲ. ಗಾಜಿನ ಎಳೆಗಳು ಬಿರುಕನ್ನು ದಾಟುವುದಿಲ್ಲ, ಅಲ್ಲಿರುವುದು ಬರಿಯ ನೈಲಾನ್.

ನೈಲಾನಿಗೆ ನೀರಿನ ಮೇಲೆ ಮೋಹ. ಸಾಧಾರಣ ತೇವದ ಗಾಳಿಯಲ್ಲಿ ಅದು ತನ್ನ ತೂಕದ ಶೇಕಡಾ 2.5ರಿಂದ 3ರಷ್ಟು ನೀರನ್ನು ಹೀರಿಕೊಳ್ಳುತ್ತದೆ. ನೀರಿನ ಅಣುಗಳು ಸರಪಳಿಗಳ ನಡುವಿನ ಹೈಡ್ರೋಜನ್ ಬಂಧಗಳಿಗೆ ನುಸುಳಿ ಅವನ್ನು ಸಡಿಲಗೊಳಿಸುತ್ತವೆ. ವಸ್ತುವಿನ ಬಿಗಿತ ಇಳಿಯುತ್ತದೆ, ಆದರೆ ಪೆಟ್ಟು ತಿನ್ನುವ ತಾಳ್ಮೆ ಬರುತ್ತದೆ. ಅಚ್ಚಿನಿಂದ ಹೊಸದಾಗಿ ಹೊರಬಂದ ನೈಲಾನ್ ಒಣಗಿ ಪೆಡಸಾಗಿರುತ್ತದೆ. ಹಾಗಾಗಿ ಅನುಭವಸ್ಥರು ಹೊಸ ತೋಳುಗಳನ್ನು ಪಾತ್ರೆಯಲ್ಲಿ ಹಾಕಿ ಕುದಿಸಿ, ಆಮೇಲೆ ಕಾರಿಗೆ ಜೋಡಿಸುತ್ತಾರೆ. ಇದು ಮೂಢನಂಬಿಕೆಯಲ್ಲ, ಗಟ್ಟಿ ರಸಾಯನವಿಜ್ಞಾನ. ಜುಲೈ ಮಳೆಯ ಮಂಗಳೂರಿನಲ್ಲಿ ಓಡುವ ಕಾರಿನ ತೋಳು, ಏಪ್ರಿಲ್ ಬಿಸಿಲಿನ ಕಲಬುರಗಿಯಲ್ಲಿ ಓಡುವ ಅದೇ ತೋಳಿಗಿಂತ ಹೆಚ್ಚು ನೀರು ಹೊತ್ತಿರುತ್ತದೆ.

ಈಗ ಮುರಿತದ ಜಾಗಕ್ಕೆ ಬರೋಣ. ಹತ್ತು ಮುರಿದ ತೋಳುಗಳನ್ನು ಸಾಲಾಗಿಟ್ಟರೆ ಬಿರುಕು ಬಹುಪಾಲು ಒಂದೇ ಕಡೆ ಹುಟ್ಟಿರುತ್ತದೆ: ತಿರುಗುಣಿಯ ಪಿನ್ನು ತೂರುವ ರಂಧ್ರದ ಬಳಿ ಅಥವಾ ಚೂಪಾದ ಒಳಮೂಲೆಯಲ್ಲಿ. ಕೇಂಬ್ರಿಜ್‌ನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲೇ ಇದರ ಗಣಿತ ತೋರಿಸಿದ್ದರು. ಅಗಲವಾದ ಹಾಳೆಯಲ್ಲಿ ದುಂಡಗಿನ ರಂಧ್ರ ಇದ್ದರೆ, ಎಳೆದಾಗ ರಂಧ್ರದ ಅಂಚಿನಲ್ಲಿ ಸುತ್ತಲಿನ ಮೂರು ಪಟ್ಟು ಒತ್ತಡ. ಎಳೆತಕ್ಕೆ ಅಡ್ಡಲಾಗಿ, ಅಗಲಕ್ಕಿಂತ ಹತ್ತು ಪಟ್ಟು ಉದ್ದದ ಅಂಡಾಕಾರದ ಸೀಳಾಗಿದ್ದರೆ ತುದಿಯಲ್ಲಿ 21 ಪಟ್ಟು! ಬಿರುಕು ಎಂಬುದು ಅದಕ್ಕೂ ಚೂಪಾದ ಸೀಳು. ಹಾಗಾಗಿ ಬಿರುಕನ್ನು ಮುಚ್ಚುವ ಮೊದಲು ಅದರ ಕೊನೆಯಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆಯಿರಿ. ಬಿರುಕನ್ನು ನಿಲ್ಲಿಸಲು ತೂತು ಕೊರೆಯುವುದು ವಿಚಿತ್ರವಾಗಿ ಕೇಳಿಸಬಹುದು. ಚೂಪು ತುದಿ ದುಂಡಗಾಯಿತು, ಒತ್ತಡ ಇಳಿಯಿತು, ಅಷ್ಟೇ.

ರಂಧ್ರದ ಪಕ್ಕ ಇನ್ನೊಂದು ಹುಟ್ಟು ದೋಷವೂ ಇದೆ. ಅಚ್ಚಿನೊಳಗೆ ಹರಿಯುವ ಕರಗಿದ ಪ್ಲಾಸ್ಟಿಕ್, ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸಿ ಹೋಗುವಂತೆ, ರಂಧ್ರ ಮೂಡಿಸಲು ಇಟ್ಟ ಕಡ್ಡಿಯನ್ನು ಎರಡು ಕವಲಾಗಿ ಬಳಸಿ ಆಚೆ ಮತ್ತೆ ಕೂಡುತ್ತದೆ. ಕೂಡುವಷ್ಟರಲ್ಲಿ ಎರಡೂ ಕವಲುಗಳ ಮುಖ ತಣ್ಣಗಾಗತೊಡಗಿರುತ್ತದೆ. ಶಾವಿಗೆಯ ಎಳೆಗಳು ಪೂರ್ತಿ ಹೆಣೆದುಕೊಳ್ಳುವುದಿಲ್ಲ, ಗಾಜಿನೆಳೆಗಳಂತೂ ಗಡಿ ದಾಟದೆ ಗಡಿಯ ಉದ್ದಕ್ಕೇ ಮಲಗಿಬಿಡುತ್ತವೆ. ಹೊಸ ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವೊಮ್ಮೆ ಆ ಗೆರೆ ಕಣ್ಣಿಗೇ ಕಾಣುತ್ತದೆ.

ಅಂಟಿನ ಮಾತಿಗೆ ವಾಪಸ್ಸು. ಅಂಗಡಿಯಲ್ಲಿ ತೂಗುಹಾಕಿರುವ ಪುಟ್ಟ ಟ್ಯೂಬಿನ ಅಂಟು ಸಯನೊಅಕ್ರಿಲೇಟ್. 1942ರಲ್ಲಿ ಬಂದೂಕಿನ ಗುರಿಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಅಮೆರಿಕದ ಹ್ಯಾರಿ ಕೂವರ್ ತಂಡದ ಕೈಗೆ ಸಿಕ್ಕಿದ್ದು ಇದು. ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡಿತೆಂದು ಆಗ ಬದಿಗಿಟ್ಟರು. 1958ರಲ್ಲಿ ಅದೇ ಗುಣಕ್ಕಾಗಿ ಮಾರುಕಟ್ಟೆಗೆ ಬಂತು. ಮೇಲ್ಮೈಯಲ್ಲಿರುವ ತೇವದ ಪಸೆಯೇ ಅದನ್ನು ಗಟ್ಟಿಯಾಗಿಸುತ್ತದೆ. ಅಡುಗೆ ಸೋಡಾ ಉದುರಿಸಿದರೆ ಕ್ಷಾರದ ದೆಸೆಯಿಂದ ಕ್ಷಣದಲ್ಲಿ ಕಲ್ಲಾಗುತ್ತದೆ. ಕಿತ್ತುಹೋದ ಸ್ಕ್ರೂ ರಂಧ್ರ ತುಂಬಲು ಇದು ಒಳ್ಳೆಯ ಉಪಾಯ. ತೋಳಿಗೆ ಮಾತ್ರ ಬೇಡ. ತೋಳು ಬಾಗುತ್ತದೆ, ಆ ಕಲ್ಲು ಬಾಗುವುದಿಲ್ಲ. ಇನ್ನೊಂದು ಎಚ್ಚರ: ಈ ಅಂಟನ್ನು ಹತ್ತಿಬಟ್ಟೆಯಿಂದ ಒರೆಸಬೇಡಿ, ಹತ್ತಿಯಲ್ಲಿ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ.

ನನ್ನ ಪ್ರಕಾರ ರಿಪೇರಿಯ ನಿಜವಾದ ಜಾಣತನ ಇರುವುದು ಬಿರುಕನ್ನು ಕೂಡಿಸುವುದರಲ್ಲಲ್ಲ, ಭಾರಕ್ಕೆ ಬೇರೆ ದಾರಿ ಮಾಡಿಕೊಡುವುದರಲ್ಲಿ. ನಮ್ಮ ಅಜ್ಜಿಯಂದಿರು ಬಿದಿರಿನ ಮೊರಕ್ಕೆ ಕಾಗದ, ಮೆಂತ್ಯ ನೆನೆಸಿ ರುಬ್ಬಿ ಬಳಿಯುತ್ತಿದ್ದರು. ಎಳೆತ ತಡೆಯಲು ಬಿದಿರಿನ ಎಳೆ, ಎಳೆಗಳನ್ನು ಒಂದಾಗಿ ಹಿಡಿದಿಡಲು ಲೇಪ. ತೋಳಿಗೂ ಅದೇ ಸೂತ್ರ ಬೇಕು. ಬಿರುಕಿಗೆ ಅಡ್ಡಲಾಗಿ, ಎರಡೂ ಕಡೆ ಸಾಕಷ್ಟು ಚಾಚಿಕೊಳ್ಳುವಂತೆ ಕಾಲುವೆ ತೋಡಿ, ಅದರಲ್ಲಿ ಸೈಕಲ್ಲಿನ ಸ್ಪೋಕಿನ ತುಂಡನ್ನು ಕಾಯಿಸಿ ಹುದುಗಿಸಿ ಎಪಾಕ್ಸಿ ತುಂಬಿ. ಉಕ್ಕಿನ ಬಿಗಿತ ಗಾಜಿನೆಳೆಯ ನೈಲಾನಿಗಿಂತ ಸುಮಾರು ಇಪ್ಪತ್ತು ಪಟ್ಟು, ಹಾಗಾಗಿ ಎಳೆತದ ದೊಡ್ಡ ಪಾಲು ಸ್ಪೋಕಿಗೆ ಹೋಗುತ್ತದೆ. ಎಪಾಕ್ಸಿಗೆ ನೈಲಾನ್ ನುಣುಪಾಗಿದ್ದರೆ ಹಿಡಿತ ಸಾಲದು, ಉಪ್ಪು ಕಾಗದದಿಂದ ಚೆನ್ನಾಗಿ ತರಿತರಿ ಮಾಡಿ. ಜೊತೆಗೆ ಬಿರುಕಿನ ಇಬ್ಬದಿಗೆ ಸಣ್ಣ ತೂತು ಹಾಕಿ ತೆಳು ತಂತಿಯಿಂದ ಹೊಲಿದರೆ ಅಂಟು ಬಿಟ್ಟರೂ ಹೊಲಿಗೆ ಬಿಡದು. ಪಟ್ಟಿ ಇಡುವುದಾದರೆ ತೋಳು ಬಾಗುವಾಗ ಹಿಗ್ಗುವ ಮೈಗೆ ಇಡಿ, ಕುಗ್ಗುವ ಮೈಗಲ್ಲ. ಜಾಗ ಇದ್ದರೆ ದಪ್ಪ ಮಾಡುವುದೇ ಲಾಭ: ದಪ್ಪ ಎರಡರಷ್ಟಾದರೆ ಬಾಗುವಿಕೆಗೆ ಒಡ್ಡುವ ಬಿಗಿತ ಎಂಟರಷ್ಟಾಗುತ್ತದೆ.

ಮೇಲಿನ ಬಾಡಿ ಸಾಮಾನ್ಯವಾಗಿ ತೆಳು ಪಾಲಿಕಾರ್ಬನೇಟ್. ಅದಕ್ಕೆ ಅಸಿಟೋನ್ ತಾಗಿಸಲೇ ಬೇಡಿ, ಮೈಯೆಲ್ಲ ಬಿರುಕೇಳುತ್ತದೆ. ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ಥ್ರೆಡ್‌ಲಾಕ್ ದ್ರವ ಸೋರಿದರೂ ಪಾಲಿಕಾರ್ಬನೇಟಿಗೆ, ಎಬಿಎಸ್ಸಿಗೆ ಅದೇ ಗತಿ. ಬಾಡಿಯ ಒಳಮೈಗೆ ಗೋಡೆ ಬಿರುಕಿಗೆ ಅಂಟಿಸುವ ಗಾಜಿನೆಳೆಯ ಜಾಲರಿ ಟೇಪು, ಅದರ ಮೇಲೆ ಚಪ್ಪಲಿ ಅಂಟಿಸುವಂಥ ರಬ್ಬರ್ ಅಂಟು. ಗಟ್ಟಿಯಾಗುವ ಅಂಟು ಇಲ್ಲಿ ಬೇಡ, ಬಾಡಿಯ ಜೊತೆ ಬಳುಕುವಂಥದ್ದು ಬೇಕು.

ತಂಗಿಯ ಮಗನ ತೋಳಿಗೆ ನಾವು ಕೇಬಲ್ ಟೈ ಕರಗಿಸಿ ಬೆಸೆದು, ಎರಡು ಸ್ಪೋಕ್ ತುಂಡು ಹುದುಗಿಸಿ, ಕೊನೆಗೆ ಅರ್ಧ ಗಂಟೆ ಬಿಸಿನೀರಿನಲ್ಲಿಟ್ಟೆವು. ಹುಡುಗನಿಗೆ ಹುರುಪು ಬಂದು, ಉಳಿದ ಮೂರು ತೋಳುಗಳಿಗೂ ಸ್ಪೋಕ್ ಹಾಕೋಣ ಅಂದ. ನಾನು ಬೇಡವೆಂದೆ. ತೋಳು ಮುರಿಯದಿದ್ದರೆ ಆ 92 ಜೌಲ್ ಎಲ್ಲಿಗೋ ಹೋಗಲೇಬೇಕು. ತೋಳು ಸಿಕ್ಕಿಸಿರುವ ಗೇರ್‌ಪೆಟ್ಟಿಗೆಯ ಗೂಡಿಗೋ ಚಾಸಿಗೋ ಹೋದರೆ ಇಡೀ ಕಾರನ್ನು ಬಿಚ್ಚಬೇಕು. ಎರಡು ಸ್ಕ್ರೂ ತೆಗೆದರೆ ಬದಲಿಸಬಹುದಾದ ತೋಳೇ ಮುರಿಯಲಿ. ಅವನು ಸ್ವಲ್ಪ ಹೊತ್ತು ಯೋಚಿಸಿ, ಹುದುಗಿಸಿದ್ದ ಎರಡು ಸ್ಪೋಕುಗಳಲ್ಲಿ ಒಂದನ್ನು ತೆಗೆದುಬಿಡೋಣವೇ ಎಂದು ಕೇಳಿದ. ತೆಗೆದೆವು.